ಪ್ರಶ್ನೋತ್ತರ: ಸಾಧನ ಬಂತು, ಪಾಠವೇಕೆ ಮಗುವನ್ನು ತಲುಪಲಿಲ್ಲ?

ವಿಶೇಷ ಅಗತ್ಯವುಳ್ಳ ಮಕ್ಕಳ ಕಲಿಕೆಗೆ ನೆರವಾಗುವ ಸಾಧನಗಳ ಬಗ್ಗೆ ಪ್ರಶ್ನೆಗಳನ್ನು ಕಳುಹಿಸುವಂತೆ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ‘ಯಾವುದನ್ನು ಕೊಳ್ಳಬೇಕು’ ಎಂದು ಕೇಳಿದವು ಕಡಿಮೆ. ಸಾಧನ ಮನೆಗೋ ಶಾಲೆಗೋ ಬಂದು ತಿಂಗಳುಗಳು ಕಳೆದರೂ ಮಗುವಿನ ಓದಿನಲ್ಲಿ ವ್ಯತ್ಯಾಸ ಕಾಣುತ್ತಿಲ್ಲವೆಂದು ನೊಂದು ಬರೆದವೇ ಹೆಚ್ಚು. ವಿಶೇಷ ಶಿಕ್ಷಕಿಯಾಗಿ ನಾನು ಇಷ್ಟು ವರ್ಷ ಕಂಡದ್ದೂ ಇದನ್ನೇ. ಐದು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕ. ಒಂಬತ್ತನೇ ತರಗತಿಯಲ್ಲಿ ಪೂರ್ಣ ಅಂಧತ್ವವಿರುವ ವಿದ್ಯಾರ್ಥಿನಿಯೊಬ್ಬಳಿದ್ದಾಳೆ. ಏಳನೇ ತರಗತಿಯವರೆಗೆ ಅಂಧ ಮಕ್ಕಳ ವಸತಿ ಶಾಲೆಯಲ್ಲಿದ್ದು ಬ್ರೈಲ್ ಕಲಿತಿದ್ದಾಳೆ. ದಾನಿಗಳೊಬ್ಬರು ಲ್ಯಾಪ್‌ಟಾಪ್ ಕೊಡಿಸಿ, ಎನ್‌ವಿಡಿಎ ಎಂಬ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶ ಹಾಕಿಸಿಕೊಟ್ಟಿದ್ದಾರೆ. ಇಂಗ್ಲಿಷ್ ಪಾಠವನ್ನು ಅದು ಚೆನ್ನಾಗಿ ಓದುತ್ತದೆ. ನಾನು ಕಷ್ಟಪಟ್ಟು ಟೈಪ್ ಮಾಡಿದ ಕನ್ನಡ ನೋಟ್ಸ್ ಹಾಕಿದರೆ ಮಾತ್ರ ಏನೇನೋ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಇದು ತಂತ್ರಾಂಶದ ದೋಷವೇ? ಲ್ಯಾಪ್‌ಟಾಪ್ ಬಂದ ಮೇಲೆ ಅವಳಿಗೆ ಬ್ರೈಲ್ ಇನ್ನೂ ಬೇಕೇ? (ಹಾವೇರಿ ಜಿಲ್ಲೆ)

ಉತ್ತರ: ತಂತ್ರಾಂಶದಲ್ಲಿ ದೋಷವಿಲ್ಲ, ನಿಮ್ಮ ಶ್ರಮದಲ್ಲಿಯೂ ಇಲ್ಲ. ತೊಡಕಿರುವುದು ಫಾಂಟಿನಲ್ಲಿ. ನೀವು ನೋಟ್ಸ್ ಟೈಪ್ ಮಾಡಿರುವುದು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ, ಅಂದರೆ ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಗುರುತು ಕೊಡುವ ಜಾಗತಿಕ ಪದ್ಧತಿ) ಅಲ್ಲದ ಅಕ್ಷರಗಳಲ್ಲಿ ಎಂದು ನಿಮ್ಮ ವಿವರಣೆಯಿಂದಲೇ ತಿಳಿಯುತ್ತದೆ. ಆ ಫಾಂಟುಗಳಲ್ಲಿ ಕನ್ನಡವೆಂಬುದು ಪರದೆಯ ಮೇಲೆ ಕಣ್ಣಿಗೆ ಕಾಣುವ ಚಿತ್ರ ಮಾತ್ರ. ಕಂಪ್ಯೂಟರಿನೊಳಗೆ ದಾಖಲಾಗುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಅದರ ‘ಕ’ ಅಕ್ಷರವು ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’ ಆಗಿ ಕುಳಿತಿರುತ್ತದೆ. ‘ನ’ ಬರಬೇಕಾದಲ್ಲಿ ಬ್ರಿಟನ್ನಿನ ಪೌಂಡ್ ಹಣದ ಚಿಹ್ನೆಯಿರುತ್ತದೆ. ಕಣ್ಣಿದ್ದವರಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಫಾಂಟು ಅವುಗಳ ಮೇಲೆ ಕನ್ನಡದ ರೂಪವನ್ನು ಹೊದಿಸಿಬಿಟ್ಟಿರುತ್ತದೆ. ಎನ್‌ವಿಡಿಎ ಹೊದಿಕೆಯನ್ನು ನೋಡುವುದಿಲ್ಲ. ಒಳಗೆ ಇರುವುದನ್ನು ಇದ್ದ ಹಾಗೆ ಓದುತ್ತದೆ. ಹಿಂದೊಮ್ಮೆ ನನ್ನ ವಿದ್ಯಾರ್ಥಿನಿಯೊಬ್ಬಳು ಪದ್ಯದ ಸಾರಾಂಶವನ್ನು ಹತ್ತು ನಿಮಿಷ ತಾಳ್ಮೆಯಿಂದ ಕೇಳಿಸಿಕೊಂಡು, ‘ಈ ಪದ್ಯದಲ್ಲಿ ಇಷ್ಟೊಂದು ಸಲ ಪೌಂಡ್ ಅಂತ ಯಾಕೆ ಬರುತ್ತೆ ಮಿಸ್?’ ಎಂದು ಕೇಳಿದ್ದಳು. ಆ ನೋಟ್ಸ್ ಕೊಟ್ಟವಳು ನಾನೇ. ಅಂದಿನಿಂದ ಯೂನಿಕೋಡ್ ಅಲ್ಲದ ಒಂದು ಸಾಲನ್ನೂ ನಾನು ಯಾವ ಮಗುವಿಗೂ ಕೊಟ್ಟಿಲ್ಲ.

ಪರಿಹಾರ ಸುಲಭವಾಗಿದೆ. ಈಗಾಗಲೇ ಟೈಪ್ ಮಾಡಿರುವುದನ್ನು ವ್ಯರ್ಥವೆಂದು ಬಿಡಬೇಕಾಗಿಲ್ಲ. ಹಳೆಯ ಫಾಂಟಿನಿಂದ ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಮ್ಮೆ ಓದಿ ತಿದ್ದಿ, ವಿಶೇಷವಾಗಿ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಕಡೆ. ಇನ್ನು ಮುಂದೆ ಟೈಪ್ ಮಾಡುವಾಗ ಕೀಲಿಮಣೆಯ ವಿನ್ಯಾಸವನ್ನು ನೀವು ಬದಲಾಯಿಸಬೇಕಾಗಿಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡನ್ನು ಆರಿಸಿಕೊಂಡರೆ ಸಾಕು, ಬೆರಳಿಗೆ ರೂಢಿಯಾದ ಕೀಲಿಗಳೇ ಕೆಲಸ ಮಾಡುತ್ತವೆ. ಎನ್‌ವಿಡಿಎ ಜೊತೆಗೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡ ಬರುತ್ತದೆ. ಅದರ ದನಿ ನಮ್ಮ ಕಿವಿಗೆ ಒರಟೆನಿಸಬಹುದು, ಆದರೆ ಪಳಗಿದ ಮಕ್ಕಳು ಅದನ್ನು ನಮಗೆ ಪದವೇ ತಿಳಿಯದಷ್ಟು ವೇಗದಲ್ಲಿ ಇಟ್ಟುಕೊಂಡು ಓದುತ್ತಾರೆ. ಇನ್ನೊಂದು ಮಾತನ್ನು ಅವಳಿಗೆ ತಪ್ಪದೆ ತಿಳಿಸಿ: ಈ ತಂತ್ರಾಂಶವನ್ನು 2006ರಲ್ಲಿ ಆರಂಭಿಸಿದ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಅವರೂ, ಜೊತೆಗೂಡಿ ಬೆಳೆಸಿದ ಗೆಳೆಯ ಜೇಮ್ಸ್ ಟೆಹ್ ಅವರೂ ಅಂಧರೇ.

ಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಪಿಡಿಎಫ್ ಮಾಡಿ ಕೊಡುವ ಅಭ್ಯಾಸವೂ ನಮ್ಮಲ್ಲಿ ಬಹಳ. ಪರದೆ ಓದುವ ಇಂಥ ತಂತ್ರಾಂಶಕ್ಕೆ, ಅಂದರೆ ಸ್ಕ್ರೀನ್ ರೀಡರಿಗೆ, ಅದು ಖಾಲಿ ಹಾಳೆ. ಚಿತ್ರದಿಂದ ಅಕ್ಷರವನ್ನು ಹೆಕ್ಕುವ ಸೌಲಭ್ಯ ಗೂಗಲ್ ಡ್ರೈವ್‌ನಲ್ಲಿ ಕನ್ನಡಕ್ಕೂ ಇದೆ. ಅಚ್ಚು ಸ್ವಚ್ಛವಾಗಿದ್ದರೆ ಚೆನ್ನಾಗಿಯೇ ಬರುತ್ತದೆ. ತಿದ್ದುವ ಕೆಲಸವನ್ನು ತರಗತಿಯ ಇತರ ಮಕ್ಕಳಿಗೆ ಹಂಚಿ, ತಲೆಗೆ ಎರಡು ಪುಟದಂತೆ. ತಿದ್ದುವವರಿಗೂ ಕಾಗುಣಿತ ಗಟ್ಟಿಯಾಗುತ್ತದೆ. ಸಾಹಿತ್ಯದ ಓದಿಗೆ ‘ಸುಗಮ್ಯ ಪುಸ್ತಕಾಲಯ’ ಎಂಬ ಅಂತರ್ಜಾಲ ಗ್ರಂಥಾಲಯವಿದೆ. 2016ರಲ್ಲಿ ಆರಂಭವಾದ ಅದರಲ್ಲಿ ಮುದ್ರಿತ ಪುಸ್ತಕವನ್ನು ಓದಲಾಗದವರು ಸದಸ್ಯರಾಗಬಹುದು. ಪುಸ್ತಕಗಳನ್ನು ಹೀಗೆ ಓದಬಲ್ಲ ರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯ್ದೆ 2012ರ ತಿದ್ದುಪಡಿಯ ನಂತರ ಅಡ್ಡಿಯಿಲ್ಲ. ಆದ್ದರಿಂದ, ಪಠ್ಯವನ್ನು ಟೈಪ್ ಮಾಡಿ ಅವಳಿಗೆ ಕೊಟ್ಟರೆ ತಪ್ಪಾದೀತೆಂಬ ಅಳುಕನ್ನು ಬಿಡಿ.

ಬ್ರೈಲ್ ವಿಷಯದಲ್ಲಿ ನನ್ನ ಅಭಿಪ್ರಾಯ ದೃಢವಾಗಿದೆ: ಬಿಡಿಸಬೇಡಿ. ಕೇಳಿ ಕಲಿತ ಕನ್ನಡದಲ್ಲಿ ‘ದನ’ ಯಾವುದು, ‘ಧನ’ ಯಾವುದು, ‘ಶಾಲೆ’ಗೆ ಯಾವ ಶಕಾರ ಎಂಬುದು ಯಂತ್ರದ ವೇಗದ ದನಿಯಲ್ಲಿ ಸ್ಪಷ್ಟವಾಗುವುದಿಲ್ಲ. ಬೆರಳ ತುದಿಯಲ್ಲಿ ಪ್ರತಿಯೊಂದು ಅಕ್ಷರವನ್ನೂ ಮುಟ್ಟಿದವರಿಗೆ ಮಾತ್ರ ಕಾಗುಣಿತ ಮೈಗೂಡುತ್ತದೆ. ಕನ್ನಡ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ, ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ಬರುತ್ತವೆ. ಆದ್ದರಿಂದ ಪದದ ಕಟ್ಟಡ ಬೆರಳಿಗೆ ನಿಚ್ಚಳವಾಗಿ ಸಿಗುತ್ತದೆ. ಗಣಿತದ ಸಮೀಕರಣಕ್ಕಂತೂ ಕಿವಿಯೊಂದನ್ನೇ ನಂಬಲಾಗದು. ಲೆಕ್ಕಕ್ಕೆ, ಎಂಟು ಮೂಲೆಯ ಕುಳಿಗಳಲ್ಲಿ ಲೋಹದ ಅಚ್ಚುಗಳನ್ನು ನೆಟ್ಟು ಅಂಕಿ ಬರೆಯುವ ಟೇಲರ್ ಫ್ರೇಮನ್ನು ಅವಳು ಹಿಂದಿನ ಶಾಲೆಯಲ್ಲಿ ಬಳಸಿರುತ್ತಾಳೆ, ಅದನ್ನು ತರಿಸಿಕೊಳ್ಳಿ. ರೇಖಾಗಣಿತದ ಆಕೃತಿಗಳಿಗೆ ದುಬಾರಿ ಯಂತ್ರ ಬೇಡ. ದರ್ಜಿಗಳು ಬಟ್ಟೆಯ ಮೇಲೆ ಗುರುತು ಹಾಕಲು ಬಳಸುವ ಹಲ್ಲುಚಕ್ರವೊಂದನ್ನು ತಂದು, ರಬ್ಬರ್ ಹಾಳೆಯ ಮೇಲೆ ದಪ್ಪ ಕಾಗದವಿಟ್ಟು, ಆಕೃತಿಯನ್ನು ಹಿಂದುಮುಂದಾಗಿ ಎಳೆದು ಕಾಗದವನ್ನು ಮಗುಚಿದರೆ, ತ್ರಿಭುಜದ ಮೂರು ಬಾಹುಗಳೂ ಚುಕ್ಕೆಚುಕ್ಕೆಯಾಗಿ ಎದ್ದು ಬೆರಳಿಗೆ ಸಿಗುತ್ತವೆ. ನಾನು ಬಳಸುವ ಚಕ್ರದ ಮರದ ಹಿಡಿ ಸವೆದು ನುಣುಪಾಗಿದೆ. ಅದಕ್ಕಿಂತ ಹೆಚ್ಚು ದುಡಿದ ಸಾಧನ ನನ್ನ ಬಳಿ ಇನ್ನೊಂದಿಲ್ಲ.

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ, ಒಂದನೇ ತರಗತಿ. ಎರಡೂ ಕಿವಿಗೆ ಶ್ರವಣ ಸಾಧನವಿದೆ. ಮನೆಯಲ್ಲಿ ಕರೆದರೆ ತಿರುಗುತ್ತಾಳೆ, ಕಥೆ ಹೇಳಿದರೆ ಪ್ರಶ್ನೆ ಕೇಳುತ್ತಾಳೆ. ಶಾಲೆಯಲ್ಲಿ ಮಾತ್ರ ಗಮನವೇ ಕೊಡುವುದಿಲ್ಲ ಎಂದು ಅವಳ ಮೇಡಂ ಹೇಳುತ್ತಾರೆ. ಸಾಧನ ಸರಿಯಿಲ್ಲವೋ, ಮಗಳೇ ಹಟ ಮಾಡುತ್ತಾಳೋ ತಿಳಿಯುತ್ತಿಲ್ಲ. (ಚಿಕ್ಕಮಗಳೂರು ಜಿಲ್ಲೆ)

ಉತ್ತರ: ಹಟವಲ್ಲ ತಾಯಿ. ಮನೆಯಲ್ಲಿ ನೀವು ಅವಳಿಂದ ಒಂದು ಮಾರು ದೂರದಲ್ಲಿ ಕುಳಿತು ಮಾತನಾಡುತ್ತೀರಿ. ತರಗತಿಯಲ್ಲಿ ಶಿಕ್ಷಕಿ ಇರುವುದು ಕರಿಹಲಗೆಯ ಬಳಿ, ಹಲವು ಸಲ ಬೆನ್ನು ತಿರುಗಿಸಿಕೊಂಡು. ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ದನಿಯ ಮಟ್ಟ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಅಷ್ಟರಲ್ಲಿ ಪಕ್ಕದ ಮಗುವಿನ ಪಿಸುಮಾತು, ಬೆಂಚು ಎಳೆದ ಸದ್ದು, ನಿಮ್ಮ ಕಡೆಯ ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆ, ಎಲ್ಲವೂ ಸಾಧನದ ಮೈಕಿಗೆ ಹತ್ತಿರವಾಗಿರುತ್ತವೆ. ಸಾಧನ ಎಲ್ಲವನ್ನೂ ಹೆಚ್ಚಿಸುತ್ತದೆ; ಅವುಗಳ ನಡುವೆ ಪಾಠವನ್ನು ಮಾತ್ರ ಹೆಕ್ಕಿಕೊಳ್ಳುವುದು ಆರು ವರ್ಷದ ಮಗುವಿಗೆ ಬಹಳ ದಣಿವಿನ ಕೆಲಸ. ಮಧ್ಯಾಹ್ನದ ಹೊತ್ತಿಗೆ ಅವಳು ಕಿಟಕಿಯತ್ತ ನೋಡುತ್ತ ಕುಳಿತರೆ ಅದು ದಣಿವಿನ ಗುರುತು.

ಮೊದಲು ಸಾಧನವನ್ನು ಪ್ರತಿದಿನ ಬೆಳಿಗ್ಗೆ ಪರೀಕ್ಷಿಸುವ ಅಭ್ಯಾಸ ಮಾಡಿಕೊಳ್ಳಿ. ಅವಳ ಹಿಂದೆ ನಿಂತು, ತುಟಿ ಕಾಣದಂತೆ, ಸಹಜ ದನಿಯಲ್ಲಿ ಆರು ಸದ್ದುಗಳನ್ನು ಒಂದೊಂದಾಗಿ ಹೇಳಿ: ಆ, ಊ, ಈ, ಶ್, ಸ್, ಮ್. ಕೇಳಿದಾಗಲೆಲ್ಲ ಅವಳು ಡಬ್ಬಿಗೆ ಒಂದು ಹುಣಿಸೆಬೀಜ ಹಾಕಲಿ. ಇದನ್ನು ಲಿಂಗ್ ಪರೀಕ್ಷೆ ಎನ್ನುತ್ತಾರೆ. ಮಾತಿನ ತಗ್ಗು ಸ್ಥಾಯಿಯಿಂದ ತಾರ ಸ್ಥಾಯಿಯವರೆಗಿನ ಹರವನ್ನು ಈ ಆರು ಸದ್ದುಗಳು ಒಳಗೊಳ್ಳುತ್ತವೆ. ನಿನ್ನೆ ಕೇಳಿದ ‘ಸ್’ ಇಂದು ಕೇಳದಿದ್ದರೆ ಬ್ಯಾಟರಿ, ಸಾಧನವನ್ನು ಕಿವಿಯೊಳಗೆ ಕೂರಿಸುವ ಅಚ್ಚಿನ ರಂಧ್ರದಲ್ಲಿ ಕಟ್ಟಿರುವ ಗುಗ್ಗೆ, ಕೊಳವೆಯೊಳಗಿನ ತೇವ, ಇವುಗಳನ್ನು ನೋಡಿ. ನಿಮ್ಮಲ್ಲಿಯ ಥಂಡಿಗೆ ಸಿಲಿಕಾ ಹರಳುಗಳಿರುವ ಮುಚ್ಚಳದ ಡಬ್ಬಿಯಲ್ಲಿ ರಾತ್ರಿ ಸಾಧನವನ್ನು ಇಡುವುದು ಅತ್ಯಗತ್ಯ. ಮಗು ಬೆಳೆದಂತೆ ಕಿವಿಯೂ ಬೆಳೆಯುವುದರಿಂದ ಅಚ್ಚನ್ನು ಆಗಾಗ ಬದಲಿಸಬೇಕು. ಸಾಧನ ಕುಂಯ್ಗುಟ್ಟಲು ಆರಂಭಿಸಿದರೆ ಅಚ್ಚು ಸಡಿಲವಾಗಿದೆಯೇ ಎಂದು ಮೊದಲು ನೋಡಬೇಕು.

ಇಷ್ಟಾದ ಮೇಲೆ ಶ್ರವಣ ತಜ್ಞರ (ಆಡಿಯಾಲಜಿಸ್ಟ್) ಬಳಿ ಎಫ್.ಎಂ. ಅಥವಾ ಅದೇ ಬಗೆಯ ನಿಸ್ತಂತು ಮೈಕಿನ ಬಗ್ಗೆ ವಿಚಾರಿಸಿ. ಶಿಕ್ಷಕಿ ಪುಟ್ಟ ಮೈಕನ್ನು ಬಾಯಿಯಿಂದ ಒಂದು ಗೇಣಿನಷ್ಟು ಕೆಳಗೆ ಸಿಕ್ಕಿಸಿಕೊಂಡರೆ ದನಿ ನೇರವಾಗಿ ಮಗುವಿನ ಸಾಧನಕ್ಕೆ ಹೋಗುತ್ತದೆ. ತರಗತಿಯ ಉದ್ದಗಲ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಈಗಿರುವ ಸಾಧನಕ್ಕೆ ಅದು ಹೊಂದುತ್ತದೆಯೇ ಎಂಬುದನ್ನು ಕೊಳ್ಳುವ ಮುನ್ನವೇ ತಿಳಿದುಕೊಳ್ಳಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆ ಹೋಗಿಬರುವುದು ನಿಮಗೆ ದೂರವಾದರೂ ಯೋಗ್ಯ.

ಇಲ್ಲಿ ಒಂದು ಕಹಿ ನೆನಪನ್ನು ಹೇಳಲೇಬೇಕು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದ ಶಾಲೆಯೊಂದರಲ್ಲಿ ಇಂಥ ಮೈಕು ಬಂದು ಎಂಟು ತಿಂಗಳಾಗಿತ್ತು. ಕಳೆದುಹೋದರೆ ಯಾರು ಹೊಣೆ ಎಂಬ ಭಯದಿಂದ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಆ ಹುಡುಗ ಅದನ್ನು ಕಂಡದ್ದು ಸಾಧನವನ್ನು ವಿತರಿಸಿ ಫೋಟೊ ತೆಗೆದ ದಿನ ಮಾತ್ರ. ಆದ್ದರಿಂದ ಮೇಡಂ ಅವರನ್ನು ವಿಶ್ವಾಸಕ್ಕೆ ತೆಗೆದುಕೊಳ್ಳಿ. ಬೆಳಿಗ್ಗೆ ಯಾರು ಮೈಕು ಕೊಡುತ್ತಾರೆ, ಸಂಜೆ ಯಾರು ಚಾರ್ಜಿಗೆ ಇಡುತ್ತಾರೆ ಎಂಬುದನ್ನು ಇಬ್ಬರೂ ಕೂತು ನಿಗದಿ ಮಾಡಿಕೊಳ್ಳಿ. ಮೈಕು ಬರುವವರೆಗೂ ಮಗಳು ಮೊದಲ ಸಾಲಿನಲ್ಲಿ, ಬಾಗಿಲಿನಿಂದ ದೂರದಲ್ಲಿ, ಮೇಡಂ ಮುಖಕ್ಕೆ ಬೆಳಕು ಬೀಳುವ ಕಡೆ ಕೂರಲಿ.

ಪ್ರಶ್ನೆ: ನನ್ನ ಮಗನಿಗೆ ಐದು ವರ್ಷ, ಆಟಿಸಂ ಇದೆ, ಮಾತು ಬಂದಿಲ್ಲ. ಚಿತ್ರಗಳನ್ನು ಮುಟ್ಟಿದರೆ ಮಾತನಾಡುವ ಆ್ಯಪ್ ಬಳಸಿ ಎಂದು ಥೆರಪಿಸ್ಟ್ ಹೇಳುತ್ತಾರೆ. ‘ಬೆರಳು ತೋರಿಸಿದರೆ ಎಲ್ಲ ಸಿಗುವಾಗ ಮಗು ಬಾಯಿ ಯಾಕೆ ಬಿಟ್ಟೀತು’ ಎಂಬುದು ನನ್ನ ತಾಯಿಯವರ ಆತಂಕ. ಟ್ಯಾಬ್ ಕೊಳ್ಳಲೇ? (ಬೆಂಗಳೂರು)

ಉತ್ತರ: ನಿಮ್ಮ ತಾಯಿಯವರ ಆತಂಕ ಮೊಮ್ಮಗನ ಮೇಲಿನ ಅಕ್ಕರೆಯಿಂದ ಬಂದದ್ದು, ಅದನ್ನು ಗೌರವದಿಂದಲೇ ನಿವಾರಿಸಬೇಕು. ಈ ವಿಷಯದಲ್ಲಿ ನಡೆದಿರುವ ಅಧ್ಯಯನಗಳು ಒಂದೇ ದಿಕ್ಕಿನಲ್ಲಿವೆ: ಚಿತ್ರದ ಮೂಲಕ ಸಂವಹನ ಕಲಿಸಿದ್ದರಿಂದ ಮಾತು ಹಿಂದೆ ಬೀಳುವುದಿಲ್ಲ, ಅನೇಕ ಮಕ್ಕಳಲ್ಲಿ ಸ್ವಲ್ಪ ಮುಂದೆಯೇ ಬರುತ್ತದೆ. ಬೇಕಾದದ್ದನ್ನು ಹೇಳಲಾಗದ ಮಗು ಅತ್ತು, ಕಚ್ಚಿ, ತಲೆ ಚಚ್ಚಿಕೊಂಡು ಹೇಳುತ್ತದೆ. ಹೇಳುವುದಕ್ಕೆ ಒಂದು ದಾರಿ ಸಿಕ್ಕರೆ ಆ ಸಂಕಟ ಇಳಿಯುತ್ತದೆ.

ಟ್ಯಾಬನ್ನು ಇಂದೇ ಕೊಳ್ಳಬೇಡಿ. ಒಂದು ರಟ್ಟಿನ ಮೇಲೆ ಹನ್ನೆರಡು ಚೌಕ ಹಾಕಿ, ಚಿತ್ರ ಬರೆದು, ಕೆಳಗೆ ಕನ್ನಡದಲ್ಲಿ ಪದ ಬರೆದು, ಮೇಲೆ ಪ್ಲಾಸ್ಟಿಕ್ ಟೇಪು ಅಂಟಿಸಿ. ಎಲ್ಲರೂ ಮಾಡುವ ತಪ್ಪೆಂದರೆ ಚೌಕಗಳನ್ನೆಲ್ಲ ಬಿಸ್ಕತ್ತು, ಬಾಳೆಹಣ್ಣು, ಕಾರು ಎಂದು ವಸ್ತುಗಳಿಂದ ತುಂಬಿಬಿಡುವುದು. ವಸ್ತು ಮೂರೋ ನಾಲ್ಕೋ ಸಾಕು. ಉಳಿದ ಕಡೆ ದಿನವಿಡೀ ಬಳಕೆಗೆ ಬರುವ ಮಾತುಗಳಿರಲಿ: ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗೋಣ, ನೋಡು, ನೋವು. ‘ಬೇಡ’ ಇಲ್ಲದ ಫಲಕವನ್ನು ಯಾವ ಮಗುವಿಗೂ ಕೊಡಬಾರದು. ಮತ್ತೊಂದು ಮುಖ್ಯ ಸಂಗತಿಯೆಂದರೆ ಮೊದಲ ಹಲವು ವಾರ ಚಿತ್ರವನ್ನು ಮುಟ್ಟಬೇಕಾದವರು ನೀವು, ಮಗು ಅಲ್ಲ. ಅನ್ನ ಬಡಿಸುತ್ತ ‘ಇನ್ನೂ ಬೇಕಾ’ ಎಂದು ಕೇಳುವಾಗ ‘ಇನ್ನೂ’ ಚೌಕವನ್ನು ನೀವೇ ಮುಟ್ಟಿ. ನಾವು ಮಕ್ಕಳೊಡನೆ ವರ್ಷಗಟ್ಟಲೆ ಮಾತನಾಡಿದ ಮೇಲಲ್ಲವೇ ಅವರಿಗೆ ಮಾತು ಬರುವುದು? ಈ ಭಾಷೆಗೂ ಅಷ್ಟೇ. ನನಗೆ ಪರಿಚಯದ ಮಗುವೊಂದು ಎರಡು ತಿಂಗಳು ಫಲಕದ ಕಡೆ ಕಣ್ಣೂ ಹಾಯಿಸಿರಲಿಲ್ಲ. ಒಂದು ಮಧ್ಯಾಹ್ನ ಅಜ್ಜಿ ಮೂರನೆಯ ಸಲ ಸಾರನ್ನ ಹಾಕಲು ಬಂದಾಗ ತಟ್ಟೆಯ ಪಕ್ಕದ ರಟ್ಟಿನ ಮೇಲೆ ‘ಸಾಕು’ ಎಂಬಲ್ಲಿ ಬೆರಳಿಟ್ಟು ಒತ್ತಿ ಹಿಡಿದಿತ್ತು. ಅಜ್ಜಿ ಸೌಟು ಹಿಡಿದುಕೊಂಡೇ ಅತ್ತರು.

ಹನ್ನೆರಡು ಚೌಕ ಸಾಲದಾದಾಗ ಆ್ಯಪ್ ನೋಡಿ. ಐಐಟಿ ಬಾಂಬೆಯಲ್ಲಿ ರೂಪಿಸಿದ ‘ಜೆಲೊ’ ಉಚಿತ; ಚೆನ್ನೈನಲ್ಲಿ ರೂಪುಗೊಂಡ ‘ಆವಾಜ್’ ಹೆಚ್ಚು ವಿಸ್ತಾರವಾದದ್ದು, ಹಣ ಕೊಡಬೇಕು. ಆಗ ಟ್ಯಾಬಿನಲ್ಲಿ ಆ ಒಂದು ಆ್ಯಪ್ ಮಾತ್ರ ಇರಲಿ. ಅದೇ ಟ್ಯಾಬಿನಲ್ಲಿ ವಿಡಿಯೊ ನೋಡಲು ಕೊಟ್ಟರೆ ಅದು ಅವನ ಬಾಯಿಯಾಗುವುದಿಲ್ಲ. ಶಿಸ್ತಿನ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳುವುದೂ ಸಲ್ಲದು.

ಪ್ರಶ್ನೆ: ನನ್ನ ಮಗಳು ಏಳನೇ ತರಗತಿ, ಡಿಸ್ಲೆಕ್ಸಿಯಾ (ಓದು ಬರಹದಲ್ಲಿ ತೊಡಕು) ಇದೆ. ಪಾಠವನ್ನು ಮೊಬೈಲಿನಲ್ಲಿ ಕೇಳಿ, ಉತ್ತರವನ್ನು ಧ್ವನಿಯಿಂದ ಟೈಪ್ ಮಾಡುತ್ತಾಳೆ. ಇದು ಮೋಸವಲ್ಲವೇ ಎಂದು ಶಾಲೆಯಲ್ಲಿ ಕೇಳುತ್ತಾರೆ. ಇಂಥ ಸಾಧನಗಳನ್ನು ಶಾಲೆಯೇ ಕೊಡಬೇಕೆಂಬ ನಿಯಮವೇನಾದರೂ ಇದೆಯೇ? (ದಾವಣಗೆರೆ)

ಉತ್ತರ: ಯಾವುದನ್ನು ಪರೀಕ್ಷಿಸುತ್ತಿದ್ದೇವೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಸಮಾಜ ವಿಜ್ಞಾನದ ಪರೀಕ್ಷೆಯಲ್ಲಿ ವಿಜಯನಗರದ ಪತನದ ಕಾರಣಗಳನ್ನು ಅವಳು ಬಲ್ಲಳೇ ಎಂದು ನೋಡುವುದಾದರೆ, ಬಾಯಲ್ಲಿ ಹೇಳಿದರೂ ಬಲ್ಲಳೆಂದೇ ಅರ್ಥ. ಕಾಗುಣಿತದ ಪರೀಕ್ಷೆಯಲ್ಲಿ ಧ್ವನಿ ಟೈಪಿಂಗ್ ಸಲ್ಲದು. ಜೊತೆಗೆ ಓದು ಬರಹದ ನೇರ ಅಭ್ಯಾಸವನ್ನು ನಿಲ್ಲಿಸಬೇಡಿ. ಕೇಳುತ್ತಿರುವ ಸಾಲಿನ ಮೇಲೆಯೇ ಬೆರಳಾಡಿಸಲಿ. ಡಿಸ್ಲೆಕ್ಸಿಯಾಕ್ಕೆಂದು ಜಾಹೀರಾತಾಗುವ ವಿಶೇಷ ಫಾಂಟುಗಳಿಗೆ ಹಣ ಕೊಡಬೇಡಿ, ಅವು ರೋಮನ್ ಲಿಪಿಗಾಗಿ ಮಾಡಿದವು. ಒತ್ತಕ್ಷರಗಳು ಮೇಲಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಅಂತರ ಹೆಚ್ಚಿಸಿದರೆ ಕನ್ನಡದಲ್ಲಿ ಅದೇ ದೊಡ್ಡ ಉಪಕಾರ.

ನಿಯಮ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು ಗುರುತಿಸುವ 21 ವೈಕಲ್ಯಗಳಲ್ಲಿ ಡಿಸ್ಲೆಕ್ಸಿಯಾ ಸೇರುವ ‘ನಿರ್ದಿಷ್ಟ ಕಲಿಕಾ ನ್ಯೂನತೆ’ಯೂ ಒಂದು. ಅದರ 17ನೇ ಪ್ರಕರಣವು ಶೇ. 40 ಅಥವಾ ಹೆಚ್ಚಿನ ವೈಕಲ್ಯವಿರುವ ವಿದ್ಯಾರ್ಥಿಗಳಿಗೆ 18 ವರ್ಷದವರೆಗೆ ಪುಸ್ತಕ, ಕಲಿಕಾ ಸಾಮಗ್ರಿ ಮತ್ತು ಸೂಕ್ತ ಸಹಾಯಕ ಸಾಧನಗಳನ್ನು ಉಚಿತವಾಗಿ ಒದಗಿಸುವ ಕರ್ತವ್ಯವನ್ನು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರಗಳ ಮೇಲೆ ಹೊರಿಸಿದೆ. ಯು.ಡಿ.ಐ.ಡಿ. ಕಾರ್ಡ್ (ವೈಕಲ್ಯದ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಬಿ.ಐ.ಇ.ಆರ್.ಟಿ. (ಸಮನ್ವಯ ಶಿಕ್ಷಣದ ಸಂಪನ್ಮೂಲ) ಶಿಕ್ಷಕರನ್ನು ಕಾಣಿ, ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯ ತಪಾಸಣಾ ಶಿಬಿರಗಳ ಮಾಹಿತಿ ಅವರಲ್ಲಿರುತ್ತದೆ. ಮನವಿಯನ್ನು ಬರಹದಲ್ಲಿಯೇ ಕೊಟ್ಟು ಸ್ವೀಕೃತಿ ಪಡೆಯಿರಿ. ಶೇ. 40 ತಲುಪದಿದ್ದರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಡಿ: ಬರೆಯಲು ತೊಂದರೆಯಿರುವ ಅಭ್ಯರ್ಥಿಗೆ ಆ ಮಿತಿಯ ಕಾರಣಕ್ಕೆ ಸ್ಕ್ರೈಬ್ (ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರು) ಸೌಲಭ್ಯವನ್ನು ನಿರಾಕರಿಸುವಂತಿಲ್ಲ ಎಂದು 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪ್ರಶ್ನೆ: ನಾನು ಎಂಟನೇ ತರಗತಿ. ನನಗೆ ಆಲ್ಬಿನಿಸಂ (ಮೈ, ಕೂದಲು, ಕಣ್ಣಿಗೆ ಸಹಜ ಬಣ್ಣ ಬಾರದ ಸ್ಥಿತಿ) ಇದೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಶಿಬಿರದಲ್ಲಿ ದೊಡ್ಡ ಭೂತಗನ್ನಡಿ ಕೊಟ್ಟಿದ್ದಾರೆ. ಅದನ್ನು ತೆಗೆದರೆ ಎಲ್ಲರೂ ನೋಡುತ್ತಾರೆ, ಅದಕ್ಕೆ ಬ್ಯಾಗಿನಲ್ಲೇ ಇಡುತ್ತೇನೆ. ಅಮ್ಮ ಬೈಯುತ್ತಾರೆ. ಏನು ಮಾಡಲಿ? (ರಾಯಚೂರು ಜಿಲ್ಲೆ)

ಉತ್ತರ: ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆ ಭೂತಗನ್ನಡಿಯನ್ನು ನೀನು ಬಳಸಲೇಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಆರಿಸುವಾಗ ಯಾರೂ ನಿನ್ನನ್ನು ಕೇಳಿಲ್ಲ, ತಪ್ಪು ದೊಡ್ಡವರಾದ ನಮ್ಮದು. ಮನೆಯಲ್ಲಿ ನಕ್ಷೆ ನೋಡಲು, ಶಬ್ದಕೋಶದ ಸಣ್ಣ ಅಕ್ಷರ ಓದಲು ಅದನ್ನು ಇಟ್ಟುಕೋ. ಶಾಲೆಗೆ ಬೇರೆ ದಾರಿಗಳಿವೆ. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುವುದಿಲ್ಲ. ಕತ್ತು ನೋಯದಂತೆ ಪುಸ್ತಕವನ್ನು ಓರೆಯಾಗಿ ನಿಲ್ಲಿಸುವ ಒಂದು ಮರದ ಸ್ಟ್ಯಾಂಡ್ ಮಾಡಿಸಿಕೊಡಲು ಅಪ್ಪನಿಗೆ ಹೇಳು. ಕಪ್ಪು ರಟ್ಟಿನಲ್ಲಿ ಒಂದು ಸಾಲಿನಷ್ಟು ಅಗಲದ ಸೀಳು ಕತ್ತರಿಸಿ ಪುಟದ ಮೇಲಿಟ್ಟರೆ ಬಿಳಿ ಹಾಳೆಯ ಹೊಳಪು ಮರೆಯಾಗಿ ಆ ಸಾಲು ಮಾತ್ರ ಕಾಣುತ್ತದೆ. ನಿಮ್ಮೂರಿನ ಬಿಸಿಲಿಗೆ ಅಂಚಿರುವ ಟೋಪಿ, ಕಿಟಕಿಗೆ ಬೆನ್ನು ಹಾಕಿ ಕೂರುವ ಜಾಗ, ಇವೆರಡನ್ನೂ ತರಗತಿಯ ಶಿಕ್ಷಕರ ಬಳಿ ಧೈರ್ಯವಾಗಿ ಕೇಳು.

ಕರಿಹಲಗೆಗೆ ಮೊಬೈಲ್ ಕ್ಯಾಮೆರಾ ಒಳ್ಳೆಯದು. ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬಹುದು. ಶಾಲೆಯಲ್ಲಿ ಮೊಬೈಲ್ ತರಬಾರದೆಂಬ ನಿಯಮವಿದ್ದರೆ, ಇದು ನಿನಗೆ ಕನ್ನಡಕವಿದ್ದಂತೆ ಎಂದು ವಿವರಿಸಿ ಮುಖ್ಯೋಪಾಧ್ಯಾಯರಿಗೆ ಅಮ್ಮ ಒಂದು ಅರ್ಜಿ ಬರೆಯಲಿ. ಅರ್ಜಿಯ ಮಾದರಿಯನ್ನು ಈ ವಾರ ಅಂಚೆಯಲ್ಲಿ ಕಳುಹಿಸುತ್ತಿದ್ದೇನೆ, ಜೊತೆಗೆ ಈ ಉತ್ತರದ ಪ್ರತಿಯನ್ನೂ. ಪ್ರತಿಯನ್ನು ಹೊಳಪಿಲ್ಲದ ತಿಳಿ ಹಳದಿ ಕಾಗದದ ಮೇಲೆ 24 ಪಾಯಿಂಟ್ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೇನೆ. ಕನ್ನಡಿಯಿಲ್ಲದೆ ಓದಲು ಅದು ಸಾಕಾಯಿತೇ, ಇನ್ನೂ ದೊಡ್ಡದಾಗಬೇಕೇ ಎಂದು ಬರೆದು ತಿಳಿಸು.